ಬೀಗ ಎಳೆದು ನೋಡದ ದಿನ

ಇನ್ನು ಮುಂದೆ ನಾನು ನಾನಾಗಿರುವುದಿಲ್ಲ ಎಂದು ಆ ಸಂಜೆ ಘೋಷಿಸಿಬಿಟ್ಟೆ!

ಘೋಷಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೇಳಿಸಿಕೊಳ್ಳಬೇಕಾದವಳು ನನ್ನ ಹೆಂಡತಿ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಒಬ್ಬ ಮನುಷ್ಯ ಹಳೆಯ ಚರ್ಮ ಕಳಚಿ ಹೊಸ ಅವತಾರ ಎತ್ತುತ್ತಿರುವ ಇಂಥ ಮಹಾ ಘಳಿಗೆಯಲ್ಲೂ ಅವಳು ಚಾಕು ಕೆಳಗಿಡಲಿಲ್ಲ.

“ಆಗ್ಲಿ. ಮತ್ತೆ ಇನ್ಯಾರಾಗಿರ್ತೀರ?”

“ಅದನ್ನ ಮುಂಚೇನೇ ಹೇಳಿಬಿಟ್ರೆ ಏನು ಬಂತು? ನಾನು ಮುಂದಿನ ಕ್ಷಣ ಏನು ಮಾಡ್ತೀನಿ ಅಂತ ಈ ಭೂಮಿ ಮೇಲೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು!”

“ಮುಂದಿನ ಕ್ಷಣ ಫ್ರಿಜ್ಜಿನ ಬಾಗಿಲು ಎಳೆದು ನೋಡ್ತೀರ,” ಎಂದಳು, ತಲೆ ಎತ್ತದೆ.

ನನ್ನ ಕೈ ಆಗಲೇ ಫ್ರಿಜ್ಜಿನ ಹಿಡಿಯ ಮೇಲಿತ್ತು. ಕಿವಿ ಕೆರೆದುಕೊಳ್ಳಲು ಎತ್ತಿದ ಕೈ ದಾರಿಯಲ್ಲಿ ಅಲ್ಲಿ ತಂಗಿತ್ತು ಎನ್ನುವ ಹಾಗೆ ಅದನ್ನು ಮೇಲಕ್ಕೊಯ್ದು ಕಿವಿ ಕೆರೆದುಕೊಂಡೆ. ಒಳಗೊಳಗೇ ಮೈ ಉರಿಯುತ್ತಿತ್ತು.

ಯಾಕೆ ಉರಿಯಬಾರದು ಹೇಳಿ? ಅವತ್ತು ಬೆಳಗ್ಗೆ ಕಚೇರಿಯಲ್ಲಿ ನನ್ನ ಮಾನ ಮೂರು ಕಾಸಿಗೆ ಹರಾಜಾಗಿತ್ತು. ನಾನು ಬಸ್ ಸಂಸ್ಥೆಯೊಂದರಲ್ಲಿ ಜನ ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳನ್ನು ಕಾಯುವ ವಿಭಾಗದ ಮುಖ್ಯಸ್ಥ. ಛತ್ರಿ, ಟೋಪಿ, ಟಿಫನ್ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಎಲ್ಲವೂ ನನ್ನ ಕೌಂಟರಿಗೇ ಬರಬೇಕು. ಛತ್ರಿಯ ಹಿಡಿ ನೋಡಿದರೆ ಸಾಕು, ಅದರ ಒಡೆಯನ ಜಾತಕವನ್ನೇ ಹೇಳಬಲ್ಲೆ. ಇವನು ಸಿಡುಕ, ಇವಳು ಜಿಪುಣಿ, ಇವನು ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ! ಮನುಷ್ಯರ ಸ್ವಭಾವ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡಿದ್ದೆ.

ಅಂಥ ಕಚೇರಿಗೆ ನೌಕರರ ತರಬೇತಿ ಎಂದು ಮನಶ್ಶಾಸ್ತ್ರದ ಮೇಡಂ ಒಬ್ಬರು ಬಂದರು. ವ್ಯಕ್ತಿತ್ವ ಎಂದರೇನು, ಒಬ್ಬರ ಹಾಗೆ ಇನ್ನೊಬ್ಬರು ಯಾಕಿರುವುದಿಲ್ಲ ಎಂದೆಲ್ಲ ಚೆನ್ನಾಗಿಯೇ ಹೇಳಿದರು. ಆಮೇಲೆ ಒಂದು ಆಟ ಆಡಿಸಿದರು. ಒಬ್ಬರು ಎದ್ದು ಬಂದು, ಬಾಯಿ ಬಿಡದೆ, ಸಹೋದ್ಯೋಗಿ ಒಬ್ಬರ ಗುಣವನ್ನು ಅಭಿನಯಿಸಬೇಕು. ಅದು ಯಾರೆಂದು ಉಳಿದವರು ಹೇಳಬೇಕು.

ಮೊದಲು ಎದ್ದವನೇ ಅಣಕುರಾಯ. ಅವನು ನನ್ನ ಕೌಂಟರಿನಲ್ಲೇ ನನ್ನ ಕೈಕೆಳಗೆ ಕೆಲಸ ಮಾಡುವವನು. ಊರಿನವರ ನಡಿಗೆ, ಕೆಮ್ಮು, ಆಕಳಿಕೆಗಳನ್ನೆಲ್ಲ ಅಣಕಿಸುವುದರಿಂದ ಅವನಿಗೆ ಆ ಹೆಸರು. ಇಲ್ಲದ ಕಪಾಟೊಂದನ್ನು ಗಾಳಿಯಲ್ಲೇ ಮುಚ್ಚಿದ. ಬೀಗ ಹಾಕಿದ. ನಾಲ್ಕು ಹೆಜ್ಜೆ ಹೋದ. ನಿಂತ. ತಿರುಗಿದ. ಬಂದು ಬೀಗ ಎಳೆದ. ಮತ್ತೆ ಹೋದ, ಮತ್ತೆ ನಿಂತ... ಅಷ್ಟರಲ್ಲಿ ಇಡೀ ಸಭಾಂಗಣ ಒಕ್ಕೊರಲಿನಿಂದ ನನ್ನ ಹೆಸರು ಕೂಗಿತು! ಹೊಸದಾಗಿ ಸೇರಿದ ಕಾವಲುಗಾರನೂ ಕೂಗಿದ. ಅವನಿಗೆ ನನ್ನ ಹೆಸರು ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

“ನೋಡಿ, ಇದೇ ವ್ಯಕ್ತಿತ್ವ. ಯಾರೂ ಹೇಳದೇ ಇದ್ದರೂ ಮನುಷ್ಯ ಮತ್ತೆ ಮತ್ತೆ ಮಾಡೋದು,” ಎಂದು ಮೇಡಂ ಹಿಗ್ಗಿದರು.

ನಾನು ಎದ್ದು ನಿಂತೆ. “ಮೇಡಂ, ಹಾಗಾದ್ರೆ ನಾನು ಮನುಷ್ಯನೋ, ಗೋಡೆ ಗಡಿಯಾರದ ಲೋಲಕವೋ?”

“ಸಾರ್, ಬೇಜಾರು ಮಾಡ್ಕೋಬೇಡಿ. ಕೆಲವರಲ್ಲಿ ಎಚ್ಚರಿಕೆ ಅನ್ನೋ ಗುಣ ಸ್ವಲ್ಪ ಜಾಸ್ತಿ ಇರುತ್ತೆ. ಈ ವಯಸ್ಸಿಗೆ ಅದೆಲ್ಲ ಗಟ್ಟಿಯಾಗಿ ಕೂತ್ಬಿಟ್ಟಿರುತ್ತೆ. ಬದಲಾಗೋದು ಕಷ್ಟ.”

ಈ ವಯಸ್ಸಿಗೆ! ಇಡೀ ಸಭೆಯ ಮುಂದೆ! ಆ ‘ಕಷ್ಟ’ ಎಂಬ ಮಾತು ತಲೆಯೊಳಗೆ ಹುಳುವಿನ ಹಾಗೆ ಹೊಕ್ಕಿತು. ಮನೆ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಒಂದೇ ಒಂದು ದಿನ ನನ್ನ ಒಂದು ಅಭ್ಯಾಸವನ್ನೂ ಮಾಡದೆ ಬದುಕಿ ತೋರಿಸುತ್ತೇನೆ, ಮನಶ್ಶಾಸ್ತ್ರವೇ ಬಂದು ನನ್ನ ಕ್ಷಮೆ ಕೇಳಬೇಕು!

“ಎಲ್ಲ ಸರಿ,” ಎಂದಳು ಹೆಂಡತಿ ಈರುಳ್ಳಿಯನ್ನು ಬಾಣಲೆಗೆ ಸುರಿಯುತ್ತ. “ನಾಳೆ ಒಂದು ದಿನ ಬೇಡ. ನಾಡಿದ್ದು ಬೇಕಾದ್ರೆ ಯಾರು ಬೇಕಾದ್ರೂ ಆಗಿ. ನಾಳೆ ನನ್ನ ಡ್ರೈವಿಂಗ್ ಪರೀಕ್ಷೆ.”

ಈ ಪರೀಕ್ಷೆಯ ವಿಚಾರ ಹೇಳಲೇಬೇಕು. ಊರಾಚೆಯ ಶಿಶುವಿಹಾರವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮಕ್ಕಳೆಂದರೆ ಪ್ರಾಣ ಬಿಡುವ ಅವಳು ಎಷ್ಟೋ ವರ್ಷಗಳಿಂದ ಕಾದಿದ್ದ ಕೆಲಸ. ಅಲ್ಲಿಗೆ ಬಸ್ಸಿಲ್ಲ, ಕಾರಿನಲ್ಲೇ ಹೋಗಬೇಕು. ನಮ್ಮ ಹಳೆಯ ಕಾರು ಕೆಳಗೆ ನಿಂತು ಧೂಳು ತಿನ್ನುತ್ತಿತ್ತು. ನಾನು ಓಡಿಸುವುದಿಲ್ಲ, ಪ್ರತಿ ತಿರುವಿನಲ್ಲೂ ಇಳಿದು ಡಿಕ್ಕಿ ಮುಚ್ಚಿದೆಯೇ ಎಂದು ನೋಡಬೇಕಾಗುತ್ತದೆ. ಹಾಗಾಗಿ ಅವಳೇ ಕಲಿತಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾದಳು. ಮೊದಲ ಸಲ ಹ್ಯಾಂಡ್‌ಬ್ರೇಕ್ ಇಳಿಸದೆ ಹೊರಟಳು. ಎರಡನೇ ಸಲ ನಾನು ಬೇಲಿಯಾಚೆಯಿಂದ ‘ಹ್ಯಾಂಡ್‌ಬ್ರೇಕ್! ಹ್ಯಾಂಡ್‌ಬ್ರೇಕ್!’ ಎಂದು ಕೂಗಿದ್ದಕ್ಕೆ ಪರೀಕ್ಷಕರು ಇಬ್ಬರನ್ನೂ ಹೊರಗೆ ಕಳಿಸಿದರು. ಇದು ಮೂರನೆಯದು. ಈ ಸಲ ಲೈಸೆನ್ಸ್ ಬರದಿದ್ದರೆ ಶಿಶುವಿಹಾರದವರು ಕೆಲಸ ಇನ್ನೊಬ್ಬರಿಗೆ ಕೊಡುತ್ತೇವೆ ಎಂದು ಹೇಳಿದ್ದರು.

“ನಿನ್ನ ಪರೀಕ್ಷೆಗೂ ನನ್ನ ವ್ಯಕ್ತಿತ್ವಕ್ಕೂ ಏನು ಸಂಬಂಧ?” ಎಂದು ಗುಡುಗಿದೆ.

ಇಂಥ ಪ್ರಶ್ನೆಯನ್ನು ಯಾವ ಗಂಡನೂ ಗುಡುಗಿ ಕೇಳಬಾರದು.

ಬೆಳಗಾಯಿತು. ಮಂಚದ ಎಡಗಡೆಯಿಂದ ಇಳಿಯುವವನು ಬಲಗಡೆಯಿಂದ ಇಳಿದು ಗೋಡೆಗೆ ಹಣೆ ಜಜ್ಜಿಕೊಂಡೆ. ಕಾಫಿಗೆ ಬದಲು ಬಿಸಿನೀರು ಕುಡಿದೆ. ಬಸ್ ನಿಲ್ದಾಣದಿಂದ ‘ಗ್ಯಾಸ್ ಆಫ್ ಮಾಡಿದ್ಯಾ?’ ಎಂದು ಹೆಂಡತಿಗೆ ಫೋನ್ ಮಾಡುವುದು ನನ್ನ ನಿತ್ಯದ ವ್ರತ. ಆ ಆಸೆಯ ಬೇರನ್ನೇ ಕೀಳಲು ಫೋನನ್ನು ಚಮಚಗಳ ಡ್ರಾಯರಿನಲ್ಲಿ ಹೂತಿಟ್ಟೆ.

ಇನ್ನು ಬೀಗ. ನಮ್ಮದು ಮೂರನೇ ಮಹಡಿ, ಒಂದೇ ಬಾಗಿಲು, ಹೊರಗಿನಿಂದ ಚಿಲಕ ಹಾಕಿ ದೊಡ್ಡ ಬೀಗ ಜಡಿಯುತ್ತೇವೆ. ಅದಕ್ಕೆ ಎರಡು ಕೀಲಿ. ಒಂದು ನನ್ನ ಹತ್ತಿರ, ಇನ್ನೊಂದೂ ನನ್ನ ಹತ್ತಿರವೇ. ಯಾರನ್ನು ನಂಬುವುದು! ಮಾಮೂಲಿ ದಿನಗಳಲ್ಲಿ ಬೀಗ ಹಾಕಿ ಕೆಳಗಿಳಿಯುತ್ತೇನೆ, ಹಿಂದಿರುಗುತ್ತೇನೆ, ಎಳೆದು ನೋಡುತ್ತೇನೆ, ಸಮಾಧಾನವಾಗದೆ ಬೀಗ ತೆಗೆದು ಒಳಗೆ ಹೋಗಿ ಗ್ಯಾಸು, ನಲ್ಲಿ ಎಲ್ಲ ಮುಟ್ಟಿ, ಬಂದು ಮತ್ತೆ ಬೀಗ ಹಾಕುತ್ತೇನೆ.

“ನೀವು ಹಾಕ್ತಿರಿ, ನಾನು ಬಂದೆ,” ಎಂದಳು ಹೆಂಡತಿ. ದಿನಾ ಹೇಳುವ ಮಾತೇ, ಅವಳೂ ಹೊಲಿಗೆ ಅಂಗಡಿಯ ಕೆಲಸಕ್ಕೆ ನನ್ನ ಜೊತೆಗೇ ಹೊರಡುವವಳು. ದನಿ ಎಲ್ಲಿಂದ ಬಂತೆಂದು ನಾನು ಯಾವತ್ತೂ ಯೋಚಿಸಿದವನಲ್ಲ. ಕೈಯಲ್ಲಿ ಬೀಗ ಇರುವಾಗ ನನಗೆ ಉಳಿದ ಪ್ರಪಂಚ ಇರುವುದಿಲ್ಲ. ತಲೆ ಎತ್ತುವಷ್ಟರಲ್ಲಿ ಅವಳು ಮೆಟ್ಟಿಲಿನ ಮೇಲಿರುತ್ತಾಳೆ, ಅಷ್ಟು ಗೊತ್ತು.

ಟಕ್! ಒಂದೇ ಸಲ. ತಿರುಗಿ ನೋಡಲಿಲ್ಲ. ಎಳೆಯಲಿಲ್ಲ. ಅಂಗಿಯ ಎಡ ಜೇಬಿಗೆ ಹೋಗಬೇಕಾದ ಕೀಲಿಗೊಂಚಲನ್ನು ಬೆರಳಿನಲ್ಲಿ ಗಿರಗಿರ ತಿರುಗಿಸುತ್ತ, ಸಿಳ್ಳೆ ಹಾಕುತ್ತ ಇಳಿದೆ. ಗೇಟು ದಾಟುವಾಗ ಮೇಲಿನಿಂದ ದಬದಬ ಎಂಬ ಶಬ್ದ ಕೇಳಿತು. ಹಳೆಯ ನಾನು ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾನೆ ಎಂದುಕೊಂಡು ಮೀಸೆಯಡಿ ನಕ್ಕೆ. ಬೆನ್ನಿಗೇ “ರೀ! ರೀ!” ಎಂಬ ಕೂಗೂ ಬಂತು. ಆ ಕಟ್ಟಡದಲ್ಲಿರುವ ಗಂಡಂದಿರೆಲ್ಲರ ಹೆಸರೂ ‘ರೀ’ಯೇ. ಯಾವನೋ ಬಡಪಾಯಿ ಏನೋ ಮರೆತಿದ್ದಾನೆ ಎಂದು ಮರುಗಿ ಮುಂದೆ ನಡೆದೆ.

ಮಾಮೂಲಿ ನಿಲ್ದಾಣ ಬಿಟ್ಟು ಹಿಂದಿನ ಬೀದಿಗೆ ಹೋದೆ. ಬೋರ್ಡು ಓದದೆ ಸಿಕ್ಕ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಬಾಯಿ ಬಿಡದವನು ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರನ್ನು ಮಾತಿಗೆಳೆದೆ.

“ಯಜಮಾನ್ರೇ, ನನ್ನ ಮುಖ ನೋಡಿ ನಾನು ಎಂಥ ಮನುಷ್ಯ ಅಂತ ಹೇಳಿ ನೋಡೋಣ. ಸವಾಲು!”

ಅವರು ಪೇಪರ್ ಇಳಿಸಿದರು. ಕನ್ನಡಕದ ಮೇಲಿನಿಂದ ನೋಡಿದರು.

“ಮನೆ ಬೀಗ ಹಾಕಿದ್ನೋ ಇಲ್ವೋ ಅಂತ ಯೋಚ್ನೆ ಮಾಡ್ತಿರೋ ಥರ ಇದೀರ,” ಎಂದು ಮತ್ತೆ ಪೇಪರ್ ಏರಿಸಿದರು.

ನನಗೆ ಪಿತ್ತ ನೆತ್ತಿಗೇರಿತು! ಏನು, ಇದೇನು ನನ್ನ ಹಣೆಯ ಮೇಲೆ ಅಚ್ಚೊತ್ತಿದೆಯೇ? ಬೀಗದ ನೆನಪೇ ಇರಲಿಲ್ಲ ನನಗೆ! ಇರಲಿಲ್ಲ... ಈಗ ಬಂತು. ಟಕ್ ಎಂದದ್ದು ಬೀಗವೋ, ನನ್ನ ಬೆರಳಿನ ಗೆಣ್ಣೋ? ಚಿಲಕ ಪೂರ್ತಿ ಸರಿದಿತ್ತೋ? ಹೊಸ ಮನುಷ್ಯನಿಗೆ ಇದೆಲ್ಲ ಯಾಕೆ ಎಂದು ಕಿಟಕಿಯಾಚೆ ನೋಡಿದೆ. ಕಂಡ ಅಂಗಡಿಗಳೆಲ್ಲ ಬಾಗಿಲು ತೆರೆದುಕೊಂಡು ನಿಂತಿದ್ದವು. ಬಾಗಿಲು ತೆರೆದಿಡುವುದೇ ಅಂಗಡಿಯ ಧರ್ಮ ಎಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಇಳಿದುಬಿಡೋಣ ಎನಿಸಿತು. ತಡೆದೆ. ನಿಜವಾಗಿಯೂ ಬಹಳ ತಡೆದೆ. ಬಸ್ಸು ಊರಿನ ಇನ್ನೊಂದು ತುದಿ ಮುಟ್ಟುವವರೆಗೆ ತಡೆದೆ. ಆಮೇಲೆ ಕುರ್ಚಿಗೆ ಬೆಂಕಿ ಬಿದ್ದವನ ಹಾಗೆ ಜಿಗಿದಿಳಿದು, ವಾಪಸ್ ಹೋಗುವ ಬಸ್ಸು ಹತ್ತಿಬಿಟ್ಟೆ. ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಒಂದು ಸಲ ಎಳೆದು ನೋಡಿ ಬಂದುಬಿಡುವುದು!

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಮೂರನೇ ಮಹಡಿ ಮುಟ್ಟಿದೆ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಬಾಗಿಲಿಗೆ ಹೋಗಿ ಬೀಗ ಹಿಡಿದು ಎಳೆದೆ. ಬಿದ್ದಿತ್ತು! ಆಹಾ, ಅದೆಂಥ ನೆಮ್ಮದಿ!

“ಸರಿಯಾಗಿ ಬಿದ್ದಿದೆಯಾ?” ಎಂದು ಬಾಗಿಲ ಪಕ್ಕದ ಕಿಟಕಿ ಕೇಳಿತು.

ಕಿಟಕಿಯ ಸರಳುಗಳ ಹಿಂದೆ ನನ್ನ ಹೆಂಡತಿ! ತಿರುಗಿ ನೋಡಿದರೆ ಮೆಟ್ಟಿಲಿನ ಮೇಲೆ ಒಂದು ಸಭೆಯೇ ಸೇರಿದೆ. ಕುರ್ಚಿ ತಂದು ಹಾಕಿಕೊಂಡು ಕೂತ ಕೆಳಮನೆಯ ಅಜ್ಜಿ, ಪಕ್ಕದಲ್ಲಿ ಸುತ್ತಿಗೆ ಇಟ್ಟುಕೊಂಡ ಬಡಗಿ, ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೂವರ ಕೈಯಲ್ಲೂ ಕಾಫಿ ಲೋಟ.

“ನೀನು ಒಳಗೇನು ಮಾಡ್ತಿದೀಯ?” ಎಂದು ಕಿರುಚಿದೆ.

“ಹೊರಗಿಂದ ಬೀಗ ಹಾಕ್ಕೊಂಡು ಹೋದ್ರೆ ಒಳಗಿರೋರು ಒಳಗೇ ಇರ್ತಾರೆ. ಇದಕ್ಕೆ ಮನಶ್ಶಾಸ್ತ್ರ ಬೇಕಾ?”

“ಬಂದೆ ಅಂದ್ಯಲ್ಲ!”

“ದಿನಾ ಅಂತೀನಿ. ದಿನಾ ಒಳಗಿಂದಾನೇ ಅಂತೀನಿ! ನೀವು ಬೀಗ ಹಾಕಿ, ಇಳಿದು, ಹತ್ತಿ, ಎಳೆದು, ತೆಗೆದು, ಗ್ಯಾಸ್ ನೋಡೋಕೆ ಒಳಗೆ ಬರೋ ಹೊತ್ತಿಗೆ ನನ್ನ ಜಡೆ ಮುಗಿದಿರುತ್ತೆ. ನೀವು ಗ್ಯಾಸ್ ಹತ್ರ ಹೋದಾಗ ನಾನು ಆಚೆ ಬರ್ತೀನಿ. ಮದುವೆ ಆದಾಗಿಂದ ಹೀಗೇ ನಡೀತಾ ಬಂದಿದೆ!”

ಅಂದರೆ ಇಷ್ಟು ವರ್ಷ ನಾನು ಪ್ರತಿದಿನ ಹೆಂಡತಿಯನ್ನು ಕೂಡಿಹಾಕಿ ಬಿಡಿಸುತ್ತಿದ್ದೆನೇ! ಮತ್ತು ಇವಳು ನನ್ನ ಸ್ವಭಾವವನ್ನು ಜಡೆ ಹಾಕಿಕೊಳ್ಳುವ ಬಿಡುವಾಗಿ ಬಳಸುತ್ತಿದ್ದಳೇ! ಕೋಪ ಉಕ್ಕಿತು. ಆದರೆ ಸಭೆ ನನ್ನ ಕಡೆಗಿರಲಿಲ್ಲ.

“ಫೋನ್ ಮಾಡಿದ್ರೆ ಚಮಚಗಳು ಹಾಡ್ತಾವೆ,” ಎಂದಳು ಹೆಂಡತಿ. ಕಣ್ಣು ಕೆಂಪಾಗಿರುವುದು ಆಗ ಕಾಣಿಸಿತು. ಬೆಳಗ್ಗೆಯಿಂದ ಆ ಕಿಟಕಿಯಲ್ಲೇ ನಿಂತಿದ್ದಳು. ನನ್ನ ಕೋಪ ಅಷ್ಟಕ್ಕೇ ಅರ್ಧ ಇಳಿಯಿತು.

ಬಡಗಿ ತನ್ನ ದೂರು ಹೇಳಿಕೊಂಡ. “ನಾನು ಚಿಲಕ ಕಿತ್ತು ಕೊಡ್ತೀನಿ ಅಂದೆ ಸಾರ್. ಅಮ್ಮಾವ್ರು ಬೇಡ, ಚಿಲಕ ಹಾಳಾಗುತ್ತೆ, ಅವರು ಎಳೆದು ನೋಡೋಕೆ ಬಂದೇ ಬರ್ತಾರೆ, ಸ್ವಲ್ಪ ಕಾಯೋಣ ಅಂದ್ರು.”

“ನಾನಂತೂ ಇಷ್ಟು ತಡ ಮಾಡ್ತೀಯ ಅಂದ್ಕೊಂಡಿರಲಿಲ್ಲ ಕಣಪ್ಪ,” ಎಂದರು ಅಜ್ಜಿ, ನನ್ನ ಮೇಲಿಟ್ಟಿದ್ದ ನಂಬಿಕೆ ಕಳೆದುಕೊಂಡವರ ಹಾಗೆ.

ಮೇಷ್ಟ್ರು ಮುಂದೆ ಬಂದರು. “ಸಾರ್, ಭಾಷಣ ಆಮೇಲೆ. ನಿಮ್ಮ ಮನೆಯವರ ಸರದೀನ ಕೊನೆಗೆ ಹಾಕಿಸಿದೀನಿ. ಪರೀಕ್ಷಕರು ಊಟಕ್ಕೆ ಎದ್ರೆ ಕಥೆ ಮುಗೀತು. ಬೇಗ ತೆಗೀರಿ.”

ತೆಗೆಯುವುದೇನು ಮಹಾ! ಎಡ ಜೇಬಿಗೆ ಕೈ ಹಾಕಿದೆ. ಖಾಲಿ. ಬಲ ಜೇಬು ಖಾಲಿ. ಪ್ಯಾಂಟಿನ ಜೇಬುಗಳು ಖಾಲಿ. ಆಗ ನೆನಪಾಯಿತು. ಬೆರಳಿನಲ್ಲಿ ಗಿರಗಿರ ತಿರುಗಿಸುತ್ತ ಹತ್ತಿದ್ದ ಗೊಂಚಲನ್ನು ಮೊದಲ ಬಸ್ಸಿನಲ್ಲಿ ಪಕ್ಕಕ್ಕಿಟ್ಟು ಆ ಹಿರಿಯರಿಗೆ ಸವಾಲು ಹಾಕಿದ್ದೆ. ಇಳಿಯುವಾಗ ಸವಾಲೂ ಅಲ್ಲೇ ಉಳಿಯಿತು, ಕೀಲಿಯೂ ಅಲ್ಲೇ ಉಳಿಯಿತು!

ಮರೆತ ಸಾಮಾನುಗಳ ವಿಭಾಗದ ಮುಖ್ಯಸ್ಥ ಬಸ್ಸಿನಲ್ಲಿ ಕೀಲಿ ಮರೆತಿದ್ದ. ಬಡಗಿ ಕಾಫಿ ಲೋಟ ಕೆಳಗಿಟ್ಟು ಉತ್ಸಾಹದಿಂದ ಸುತ್ತಿಗೆ ಎತ್ತಿಕೊಂಡ.

“ನಿಲ್ಲಿ! ನಿಲ್ಲಿ!” ಎಂದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವನು ಅಣಕುರಾಯ. ಅವನ ಕೈಯಲ್ಲಿ ನನ್ನ ಗೊಂಚಲು!

“ಕಂಡಕ್ಟರ್ ತಂದುಕೊಟ್ಟ ಗುರುಗಳೇ. ಅಷ್ಟರಲ್ಲಿ ಅಕ್ಕನ ಫೋನೂ ಬಂದಿತ್ತು. ಓಡಿ ಬಂದೆ.”

“ಕೊಡೋ ಮಾರಾಯ, ಬೇಗ!” ಎಂದು ಕೈ ಚಾಚಿದೆ. ಅವನು ಗೊಂಚಲನ್ನು ಬೆನ್ನ ಹಿಂದೆ ಹಿಡಿದ.

“ನಿಯಮ, ಗುರುಗಳೇ. ಗುರುತು ಹೇಳದೆ ಯಾರಿಗೂ ಸಾಮಾನು ಕೊಡಬಾರದು, ಸ್ವಂತ ಅಪ್ಪನೇ ಬಂದರೂ ಕೊಡಬಾರದು. ಹೇಳಿದೋರು ನೀವೇ.”

ನನ್ನ ಕಣ್ಣಲ್ಲಿ ಕಿಡಿ ಹಾರಿತು. “ನಾನು ಯಾರು ಅಂತ ಗೊತ್ತಿಲ್ವೇನೋ ನಿನಗೆ?”

“ಇವತ್ತು ನೀವು ನೀವಲ್ಲ ಅಂತ ಅಕ್ಕ ಫೋನಲ್ಲಿ ಹೇಳಿದ್ರು. ಅದಕ್ಕೇ ಅನುಮಾನ.”

ಒಳಗಿನಿಂದ ಹೆಂಡತಿ, “ಹೇಳಿ ಮುಗಿಸ್ರೀ! ಅಲ್ಲಿ ಊಟಕ್ಕೆ ಏಳ್ತಾರೆ!” ಎಂದಳು. ಹಲ್ಲು ಕಚ್ಚಿಕೊಂಡು, ಅಜ್ಜಿ, ಬಡಗಿ, ಮೇಷ್ಟ್ರ ಸಮ್ಮುಖದಲ್ಲಿ, ನನ್ನ ಗುರುತು ನಾನೇ ಹೇಳಿದೆ.

“ಬಾಗಿಲಿನ ಎರಡು ಕೀಲಿ. ಎರಡಕ್ಕೂ ಕೆಂಪು ದಾರ. ದಾರ ಬಿಚ್ಚಿಹೋಗದಂತೆ ಮೇಲೊಂದು ರಬ್ಬರ್ ಬ್ಯಾಂಡ್. ರಬ್ಬರ್ ಬ್ಯಾಂಡ್ ಹರಿದರೆ ಇರಲಿ ಅಂತ ಇನ್ನೊಂದು ರಬ್ಬರ್ ಬ್ಯಾಂಡ್.”

“ಇನ್ನೂ ಒಂದಿದೆ,” ಎಂದ ಅಣಕುರಾಯ.

ದನಿ ತಗ್ಗಿಸಿದೆ. “ಒಂದು ಚೀಟಿ ಕಟ್ಟಿದೆ.”

“ಚೀಟಿ ಮೇಲೆ?”

“‘ಗ್ಯಾಸ್?’ ಅಂತ ಬರೆದಿದೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಇಡೀ ಊರಿನಲ್ಲಿ ಇಂಥ ಗೊಂಚಲು ಇನ್ನೊಬ್ಬನ ಹತ್ತಿರ ಇರಲಾರದು ಎಂದು ಬಡಗಿ ಪ್ರಮಾಣ ಮಾಡಿ ಹೇಳಿದ. ಬಾಗಿಲು ತೆರೆಯಿತು. ಹೆಂಡತಿ ಗಾಳಿಯ ಹಾಗೆ ಹೊರಬಂದು ಮೇಷ್ಟ್ರ ಹಿಂದೆ ಧಡಧಡ ಇಳಿದಳು. ನಾನು ಬೀಗ ಹಾಕಿ ಅವಳ ಹಿಂದೆಯೇ ಇಳಿದೆ. ಒಂದು ಮಹಡಿ ಇಳಿದು ನೋಡಿದರೆ ಅಜ್ಜಿ, ಬಡಗಿ, ಅಣಕುರಾಯ ಮೂವರೂ ಗೋಡೆಗೆ ಒತ್ತಿ ನಿಂತು, ನಾನು ವಾಪಸ್ ಹತ್ತಲು ದಾರಿ ಬಿಟ್ಟುಕೊಟ್ಟಿದ್ದರು. ನನಗೆ ಎಷ್ಟು ಅವಮಾನವಾಯಿತೆಂದರೆ, ಹತ್ತುವಾಗ ಒಬ್ಬರಿಗೂ ಥ್ಯಾಂಕ್ಸ್ ಹೇಳಲಿಲ್ಲ.

ಪರೀಕ್ಷೆಯ ಮೈದಾನ ಮುಟ್ಟಿದಾಗ ಪರೀಕ್ಷಕರು ಟಿಫನ್ ಡಬ್ಬಿಯ ಮೇಲೆ ಕೈ ಇಟ್ಟಿದ್ದರಂತೆ. ನನಗೆ ಬೇಲಿಯ ಹತ್ತಿರ ನಿಲ್ಲಲೂ ಅನುಮತಿ ಇರಲಿಲ್ಲ. ಬೀದಿಯ ಆಚೆ ಮರದ ಹಿಂದೆ ನಿಂತು, ಬಾಯಿಗೆ ಕರವಸ್ತ್ರ ತುರುಕಿಕೊಂಡು, ‘ಹ್ಯಾಂಡ್‌ಬ್ರೇಕ್’ ಎಂಬ ಶಬ್ದವನ್ನು ಗಂಟಲಿನಲ್ಲೇ ನುಂಗಿದೆ. ಈ ಜನ್ಮದಲ್ಲಿ ನಾನು ಯಾವುದಕ್ಕೂ ಅಷ್ಟು ಹೆದರಿದವನಲ್ಲ. ಆ ಕೆಲಸ ನನ್ನ ಮೂರ್ಖತನದಿಂದ ಕೈತಪ್ಪಿದರೆ ಯಾವ ಮುಖ ಹೊತ್ತು ಮನೆಗೆ ಹೋಗಲಿ?

ಅವಳು ಹೊರಬಂದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಹತ್ತಿರ ಬಂದು ನಿಂತು, “ಪಾಸು,” ಎಂದಳು.

ಕರವಸ್ತ್ರ ಉದುರಿತು.

“ಹತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ನೋಡಿದೆ. ಮತ್ತೊಂದ್ಸಲ ನೋಡಿದೆ. ಯಾಕೋ ಸಮಾಧಾನ ಆಗ್ಲಿಲ್ಲ. ಇಳಿದು ಹೋಗಿ ಹಿಂದಿನ ಬಾಗಿಲೆಲ್ಲ ಎಳೆದು ನೋಡಿ ಬಂದು ಕೂತೆ. ಇಷ್ಟು ವರ್ಷದಲ್ಲಿ ಇಷ್ಟು ಜಾಗ್ರತೆ ಇರೋರನ್ನ ನೋಡಿಲ್ಲ ಅಂದ್ರು ಪರೀಕ್ಷಕರು. ಯಾರು ಕಲಿಸಿದ್ದು ಅಂತ ಕೇಳಿದ್ರು.”

“ನನ್ನ ಹೆಸರು ಹೇಳಿದ್ಯಾ?”

“ಮೇಷ್ಟ್ರ ಹೆಸರು ಹೇಳಿದೆ. ಪಾಪ, ಅವರಿಗೂ ಹೊಟ್ಟೆಪಾಡು.”

ನೋಡಿದಿರಾ ಅನ್ಯಾಯ! ಗುಣ ನನ್ನದು, ಹೆಸರು ಮೇಷ್ಟ್ರದ್ದು! ನಾನು ವರ್ಷಾನುಗಟ್ಟಲೆ ಮೆಟ್ಟಿಲು ಹತ್ತಿಳಿದು ಬೆಳೆಸಿದ ಗುಣ ಅದು! ಮನೆಯವರೆಗೂ ಗೊಣಗಿದೆ. ಅವಳು ನಗುತ್ತಲೇ ಇದ್ದಳು. ಅವಳು ಅಷ್ಟು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು.

ಲೈಸೆನ್ಸ್ ಕೈಗೆ ಬಂದ ಮರುದಿನ ಅವಳೇ ಕಾರು ಹೊರಗೆ ತೆಗೆದಳು, ನನ್ನನ್ನು ಕಚೇರಿಗೆ ಬಿಟ್ಟು ಶಿಶುವಿಹಾರಕ್ಕೆ ಹೋಗುತ್ತೇನೆ ಎಂದಳು. ನಾನು ಅವಳ ಪಕ್ಕದಲ್ಲಿ ಕೈಕಟ್ಟಿ ಕೂತೆ. ಬೀಗದ ವಿಷಯ ಎತ್ತಲಿಲ್ಲ. ಗ್ಯಾಸಿನ ವಿಷಯ ಎತ್ತಲಿಲ್ಲ. ದೊಡ್ಡ ರಸ್ತೆ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ. ಆ ಮನಶ್ಶಾಸ್ತ್ರದ ಮೇಡಂ ಇದ್ದಿದ್ದರೆ ನೋಡಬೇಕಿತ್ತು!

ಅಲ್ಲಿನ ವೃತ್ತದಲ್ಲಿ ಅವಳು ಸರಕ್ಕನೆ ಸ್ಟೀರಿಂಗ್ ತಿರುಗಿಸಿ, ಬಂದ ದಾರಿಯಲ್ಲೇ ಕಾರನ್ನು ವಾಪಸ್ ಹೊರಡಿಸಿದಳು.

“ಎಲ್ಲಿಗೆ ಹೊರಟೆ?” ಎಂದು ಚೀರಿದೆ.

“ಬೀಗ ಎಳೆದು ನೋಡೋಕೆ. ನೀವು ಬಾಯಿ ತೆರೆದ್ರಿ.”

“ನಾನು ಬಾಯಿ ತೆರೆದದ್ದು ಆಕಳಿಸೋಕೆ!”

ದೇವರಾಣೆ, ಆಕಳಿಸಲೆಂದೇ ತೆರೆದದ್ದು! ನನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗಿಂತ ಮೊದಲು ತಿಳಿದುಕೊಳ್ಳುವ ಹಕ್ಕು ಇವಳಿಗೆ ಕೊಟ್ಟವರು ಯಾರು? ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕೂತೆ. ಕಾರು ನಮ್ಮ ಬೀದಿಗೆ ತಿರುಗಿತು. ಮನೆಯ ಗೇಟು ಕಂಡಿತು. ಕೆಳಮನೆಯ ಅಜ್ಜಿ ಗೇಟನ್ನು ಮೊದಲೇ ಅಗಲವಾಗಿ ತೆರೆದು ನಿಂತಿದ್ದರು.

“ಹೋಗ್ಬನ್ನಿ,” ಎಂದಳು ಹೆಂಡತಿ. ಕನ್ನಡಿಯಲ್ಲಿ ಜಡೆ ಸರಿಮಾಡಿಕೊಳ್ಳಲು ಶುರುಮಾಡಿದ್ದಳು.

ಇಳಿಯಲೇಬಾರದೆಂದು ಹಠ ಹಿಡಿದು ಕೂತೆ. ಜಡೆ ಅರ್ಧ ಮುಗಿದಿತ್ತು, ಅಷ್ಟರಲ್ಲಿ ಇಳಿದುಬಿಟ್ಟೆ.